ಮಹಾನವಮಿಯಂದು ಬರೆಯದ ಅಧ್ಯಾಯ

ಪೆನಾಂಗ್ ದ್ವೀಪದ ಬಯಾನ್ ಲೆಪಾಸ್‌ನ ನಮ್ಮ ಕಾಂಡೋ ಕಟ್ಟಡದಲ್ಲಿ, ಲಿಫ್ಟಿನ ಪಕ್ಕ, ಒಂದು ನೋಟಿಸ್ ಬೋರ್ಡ್ ಇದೆ. ನೀರು ನಿಲ್ಲುವ ದಿನ, ಸೊಳ್ಳೆ ಹೊಗೆ ಬಿಡುವ ದಿನ, ಕಳೆದುಹೋದ ಬೆಕ್ಕು, ಇಂಥವೇ ಅದರಲ್ಲಿ ಇರುವುದು. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಮಗಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ ಬರುವಾಗ ಅಲ್ಲಿ ದಪ್ಪ ಮಾರ್ಕರ್‌ನಲ್ಲಿ ಬರೆದ ಹಾಳೆಯೊಂದು ಕಂಡಿತು. ಶಾರ್ಟ್‌ಹ್ಯಾಂಡ್ ಬಲ್ಲವರು ಯಾರಾದರೂ ಇನ್ನೂ ಬದುಕಿದ್ದರೆ ಒಂಬತ್ತನೇ ಮಹಡಿಗೆ ಬನ್ನಿ ಎಂದು ಇಂಗ್ಲಿಷಿನಲ್ಲಿತ್ತು. "ಬದುಕಿದ್ದರೆ" ಎಂಬ ಮಾತಿಗೆ ನನಗೆ ಸಿಟ್ಟು ಬಂತು. ನಾನು ಬದುಕಿದ್ದೆ.

ಮೈಸೂರಿನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಇಂಗ್ಲಿಷ್ ಶಾರ್ಟ್‌ಹ್ಯಾಂಡ್ ಸೀನಿಯರ್ ಪಾಸು ಮಾಡಿದವಳು ನಾನು. ಐದು ವರ್ಷ ವಕೀಲರೊಬ್ಬರ ಆಫೀಸಿನಲ್ಲಿ ಬರೆದೆ. ಮದುವೆಯಾಯಿತು, ಯಜಮಾನರಿಗೆ ಇಲ್ಲಿ ಚಿಪ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ನನ್ನ ಪಾಸ್‌ಪೋರ್ಟಿನಲ್ಲಿ ಕೆಲಸ ಮಾಡುವಂತಿಲ್ಲ ಎಂಬ ಮುದ್ರೆ ಬಿತ್ತು. ಆಮೇಲಿನ ಹದಿನೆಂಟು ವರ್ಷ ಟಿವಿಯಲ್ಲಿ ವಾರ್ತೆ ಬರುವಾಗ ತೊಡೆಯ ಮೇಲೆ ಬೆರಳಿನಿಂದ ಗೆರೆ ಎಳೆದುಕೊಂಡು ಕೂತಿದ್ದೇನೆ. ಮಗಳು ನೋಡಿ ನಗುತ್ತಿದ್ದಳು. ಕಲಿತ ವಿದ್ಯೆಗೆ ತುಕ್ಕು ಹಿಡಿಯಬಾರದು ಎಂಬ ಹಟ ಅಷ್ಟೇ.

ಒಂಬತ್ತನೇ ಮಹಡಿಯಲ್ಲಿ ಬಾಗಿಲು ತೆರೆದವರು ಎತ್ತರದ, ಸೊರಗಿದ ಅಮೆರಿಕನ್ ಮುದುಕರು. ಬಿಳಿ ಕೂದಲನ್ನು ಹಿಂದೆ ಜುಟ್ಟು ಕಟ್ಟಿದ್ದರು. ಸೊಂಟಕ್ಕೆ ಚೌಕಳಿ ಲುಂಗಿಯಂಥ ಸಾರೊಂಗ್, ಮೇಲೆ ಮಾಸಿದ ಬನಿಯನ್. ಕಣ್ಣಿನ ನಡುಭಾಗದ ದೃಷ್ಟಿ ಹೋಗಿ ಅಂಚು ಮಾತ್ರ ಉಳಿದಿತ್ತು. "ನಿಮ್ಮ ಮುಖ ಕಾಣಿಸ್ತಿಲ್ಲ. ಓಲೆ ಕಾಣಿಸ್ತಿದೆ. ಒಳಗೆ ಬನ್ನಿ" ಎಂದರು. ಕೂರಿಸಿ, ನನ್ನ ಹೆಸರನ್ನೂ ಕೇಳದೆ, ಕಾಲು ಗಂಟೆ ಒಂದೇ ಉಸಿರಿಗೆ ಮಾತಾಡಿದರು. ನಾನು ಬರೆದೆ. ಓದಿ ಹೇಳಿ ಎಂದರು, ಓದಿದೆ. ಒಂದು ಪದ ಬಿಟ್ಟಿರಲಿಲ್ಲ. ನನಗೇ ಆಶ್ಚರ್ಯವಾಯಿತು, ಕಣ್ಣಲ್ಲಿ ನೀರು ಬಂತು. ಅವರಿಗೆ ಕಾಣುವುದಿಲ್ಲವಲ್ಲ ಎಂದು ಒರೆಸಿಕೊಳ್ಳಲೂ ಹೋಗಲಿಲ್ಲ.

ಫೋನಿನಲ್ಲಿ ರೆಕಾರ್ಡ್ ಮಾಡಬಹುದಲ್ಲ ಎಂದು ಕೇಳಿದ್ದಕ್ಕೆ, "ಯಂತ್ರದ ಮುಂದೆ ಸುಳ್ಳು ಹೇಳೋದು ಸುಲಭ. ಎದುರಿಗೆ ಒಬ್ರು ಬರೀತಿದ್ರೆ, ಪೆನ್ನು ಎಲ್ಲಿ ತಡವರಿಸ್ತು ಅಂತ ಕಿವಿಗೆ ಗೊತ್ತಾಗುತ್ತೆ" ಎಂದರು. ಪೆನಾಂಗಿನಲ್ಲಿ ನಲವತ್ತು ವರ್ಷ ಇದ್ದವರು. ತಮಿಳು ಮುಸ್ಲಿಮರ ಮಾಮಾಕ್ ಹೋಟೆಲುಗಳಲ್ಲಿ ಟೀ ಹಾಕುವವರು ಗಿರಾಕಿಗಳನ್ನೆಲ್ಲ ಕರೆಯುವ ಹಾಗೆ ನನ್ನನ್ನು "ಬಾಸ್" ಎಂದರು. ನಾನು ಇಲ್ಲಿನ ರೂಢಿಯಂತೆ ಅಂಕಲ್ ಎಂದೆ.

ಅವರು ಯಾರೆಂದು ಪತ್ತೆ ಮಾಡಿದವಳು ನನ್ನ ಮಗಳು. ಆಗ ಅವಳಿಗೆ ಹದಿನಾಲ್ಕು. "ಅಮ್ಮಾ, ಡು ಯು ನೋ ಹೂ ಹೀ ಈಸ್? ಹೀ ಈಸ್ ಲೈಕ್, ಹಿಸ್ಟರಿ ಲಾ!" ಎಂದು ಫೋನು ನನ್ನ ಮುಖಕ್ಕೆ ಹಿಡಿದಳು. ಅದರಲ್ಲಿ ಉದ್ದ ಗಡ್ಡದ, ಬರಿ ಎದೆಯ ಯುವಕನೊಬ್ಬ ರೈಲು ಹಳಿಯ ಮೇಲೆ ಕೂತು ನಗುತ್ತಿದ್ದ.

ಜೋಳದ ಹೊಲಗಳ ನಡುವಿನ ಒಂದು ಸಣ್ಣ ಊರಲ್ಲಿ, ಟ್ರ್ಯಾಕ್ಟರ್ ಬಿಡಿಭಾಗ ಮಾರುವವನ ಮಗನಾಗಿ ಹುಟ್ಟಿದವರು ಅವರು. ದೂರದ ಯುದ್ಧಕ್ಕೆ ಕರೆಯೋಲೆ ಬಂದಾಗ ಅದನ್ನು ಹರಿದುಹಾಕಿ ಮನೆಬಿಟ್ಟರು. ಇಪ್ಪತ್ತೈದು ತುಂಬುವ ಹೊತ್ತಿಗೆ ಒಂದು ಕಾದಂಬರಿ ಬರೆದರು. ರೈಲು ಬರುವುದು ನಿಂತುಹೋದ ಒಂದು ಸ್ಟೇಷನ್ನಿನಲ್ಲಿ ಮೂವತ್ತು ಜನ ಹುಡುಗ ಹುಡುಗಿಯರು ಬಂದು ನೆಲೆಸುತ್ತಾರೆ. ಮೊದಲ ದಿನವೇ ಗೋಡೆ ಗಡಿಯಾರ ಒಡೆದುಹಾಕುತ್ತಾರೆ. ಯಾರೂ ಯಾರಿಗಾಗಿಯೂ ಕಾಯುವುದಿಲ್ಲ ಎಂಬುದೇ ಅವರ ಏಕೈಕ ಕಾನೂನು. ಆ ಪುಸ್ತಕ ಆ ಕಾಲದ ಅಮೆರಿಕದಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತಂತೆ. ಚೀಲದಲ್ಲಿ ಅದನ್ನಿಟ್ಟುಕೊಂಡು ಎಷ್ಟೋ ಮಕ್ಕಳು ಕಾಲೇಜು ಬಿಟ್ಟರು, ಮನೆ ಬಿಟ್ಟರು. ಅಂಕಲ್ ಕೂಡ ಒಂದು ಬೆಟ್ಟದ ಮೇಲೆ ಸ್ನೇಹಿತರ ಗುಂಪು ಕಟ್ಟಿಕೊಂಡು ಕೆಲ ವರ್ಷ ಇದ್ದರು. ಆಮೇಲೆ ಅದನ್ನೂ ಬಿಟ್ಟು ದೇಶದಿಂದ ದೇಶಕ್ಕೆ ಅಲೆದು ಪೆನಾಂಗಿಗೆ ಬಂದು ನಿಂತರು. ಎರಡನೆಯ ಪುಸ್ತಕ ಬರೆಯಲೇ ಇಲ್ಲ.

ನಾನು ಆ ಕಾದಂಬರಿ ಓದಿದೆ. ನನಗೆ ಹಿಡಿಸಲಿಲ್ಲ. ಮುಖಸ್ತುತಿ ನನಗೆ ಬರುವುದಿಲ್ಲ, ಹೇಗಿದೆ ಎಂದು ಅವರೇ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಮೂವತ್ತು ಜನ ಇದ್ದಾರೆ ಅಂಕಲ್, ನಾನೂರು ಪುಟ ಇದೆ. ಎಲ್ಲೂ ಒಂದು ಪಾತ್ರೆ ತೊಳೆದಿಲ್ಲ. ಅಡುಗೆ ಮಾಡ್ತಿದ್ದೋರು ಯಾರು?"

ಅವರು ಕೆಮ್ಮು ಬರುವಷ್ಟು ನಕ್ಕರು. "ನನ್ನ ಹೆಂಡತಿ ಮಾಡ್ತಿದ್ದಳು. ಬರೀಬೇಕು ಅಂತ ಹೊಳೀಲೇ ಇಲ್ಲ. ಐವತ್ತು ವರ್ಷದಲ್ಲಿ ಇದನ್ನ ಯಾರೂ ಕೇಳಿರಲಿಲ್ಲ ಬಾಸ್." ನಗು ನಿಂತ ಮೇಲೆ ಎದ್ದು, ಗೋಡೆ ತಡವರಿಸುತ್ತಾ ಹೋಗಿ, ಕೋಣೆಯಿಂದ ಒಂದು ತಗಡಿನ ಪೆಟ್ಟಿಗೆ ತಂದು ನನ್ನ ಮುಂದಿಟ್ಟರು.

ಅದರಲ್ಲಿದ್ದದ್ದು ತಾಯಂದಿರ ಕಾಗದಗಳು. ಆ ಪುಸ್ತಕ ಓದಿ ಹೊರಟುಹೋದ ಮಕ್ಕಳ ತಾಯಂದಿರು ಪುಸ್ತಕ ಬರೆದವರಿಗೆ ಬರೆದದ್ದು. ಒಬ್ಬಾಕೆ ಬೈದಿದ್ದರು. ಒಬ್ಬಾಕೆ, ನನ್ನ ಮಗ ನಿಮ್ಮ ಹತ್ತಿರ ಇದ್ದರೆ ಅವನಿಗೆ ಉಬ್ಬಸವಿದೆ, ಔಷಧಿಯ ಹೆಸರು ಕೆಳಗೆ ಬರೆದಿದ್ದೇನೆ ಎಂದಷ್ಟೇ ಬರೆದಿದ್ದರು. ಅದೇ ತಾಯಿಯ ಕಾಗದ ಪ್ರತಿ ವರ್ಷ ಒಂದರಂತೆ ಹನ್ನೊಂದು ಇದ್ದವು. ಹನ್ನೊಂದರಲ್ಲೂ ಔಷಧಿಯ ಹೆಸರಿತ್ತು. ಯಾವುದಕ್ಕೂ ಅಂಕಲ್ ಉತ್ತರ ಬರೆದಿರಲಿಲ್ಲ. ಈ ಕಾಗದಗಳಿಗೆ ಉತ್ತರವೇ ಅವರ ಎರಡನೆಯ ಪುಸ್ತಕ. ಕಣ್ಣು ಹೋಗುವವರೆಗೂ ಮುಂದೂಡಿ, ಹೋದ ಮೇಲೆ ಶುರು ಮಾಡಿದ್ದರು.

ಎರಡು ವರ್ಷ ನಮ್ಮ ಕೆಲಸ ಹೀಗೆ ನಡೆಯಿತು. ಬೆಳಿಗ್ಗೆ ಒಂಬತ್ತಕ್ಕೆ ಹೋಗುವುದು, ಒಂದು ಕಾಗದ ಓದಿ ಹೇಳುವುದು. ಅವರು ಕಣ್ಣು ಮುಚ್ಚಿ ಕೂತು ಮಾತಾಡುತ್ತಿದ್ದರು, ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತಿದ್ದೆ. ಮನೆಗೆ ಬಂದು ಅಡುಗೆ ಮುಗಿಸಿ, ಆ ಗೆರೆಗಳನ್ನು ಬಿಡಿಸಿ ಬಿಳಿ ಹಾಳೆಯಲ್ಲಿ ದುಂಡಗೆ ಬರೆಯುತ್ತಿದ್ದೆ. ಮಾರನೆಯ ದಿನ ಓದಿ ಹೇಳಿದರೆ ಒಂದೆರಡು ಪದ ಬದಲಿಸುತ್ತಿದ್ದರು. ಶಾರ್ಟ್‌ಹ್ಯಾಂಡ್ ಓದಬಲ್ಲವಳು ನಾನೊಬ್ಬಳೇ. ನಾನಿಲ್ಲದಿದ್ದರೆ ಆ ನೋಟ್‌ಬುಕ್ ಕೋಳಿ ಕಾಲು ಕೆದರಿದ ಮರಳು. ಈ ಹೆಮ್ಮೆ ನನಗಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಅವರಿಗೂ ಒಂದು ನಿಯಮವಿತ್ತು. ಬರೆಸಬೇಕಾದದ್ದನ್ನು ಬಾಯಿಮಾತಿಗೆ ತರುತ್ತಿರಲಿಲ್ಲ. ಒಮ್ಮೆ ಹರಟೆಯಲ್ಲಿ ಹೇಳಿಬಿಟ್ಟರೆ ಆಮೇಲೆ ಅದು ಹಳಸಿದ ಅನ್ನ, ಪುಸ್ತಕಕ್ಕೆ ಬಡಿಸಲಾಗುವುದಿಲ್ಲ ಎಂಬ ಅರ್ಥದಲ್ಲಿ ಏನೋ ಹೇಳುತ್ತಿದ್ದರು. ಊಟಕ್ಕೆ ಕೂತಾಗ ಬಾಯಿತಪ್ಪಿ ಶುರು ಮಾಡಿದರೆ ನಾನೇ ಕೈ ಎತ್ತಿ ತಡೆಯಬೇಕಿತ್ತು.

ಒಂದು ಅಧ್ಯಾಯ ಮಾತ್ರ ಮುಂದೆ ಸರಿಯುತ್ತಲೇ ಇತ್ತು. ಅದು ಅವರ ಮಗಳದ್ದು. ಬೆಟ್ಟದ ಮೇಲಿನ ಆ ಗುಂಪನ್ನು ಬಿಟ್ಟು ಹೊರಟಾಗ ಹೆಂಡತಿಯನ್ನೂ ಏಳು ವರ್ಷದ ಮಗಳನ್ನೂ ಬಿಟ್ಟೇ ಹೊರಟಿದ್ದರು. "ಬಾಗಿಲಲ್ಲಿ ನಿಂತು ಅವಳು ಒಂದು ಮಾತು ಕೇಳಿದಳು. ಅದನ್ನ ಬರೆದರೆ ಪುಸ್ತಕ ಮುಗೀತು" ಎನ್ನುವರು. ಏನು ಮಾತೆಂದು ಹೇಳುತ್ತಿರಲಿಲ್ಲ. ಬೆಳಿಗ್ಗೆ ಆ ಅಧ್ಯಾಯಕ್ಕೆಂದು ಕೂತರೆ ನೆಗಡಿ ಬರುವುದು, ಕರಿಬೇವಿನ ಗಿಡಕ್ಕೆ ನೀರು ಹಾಕಬೇಕೆಂದು ನೆನಪಾಗುವುದು. ತಿಂಗಳಾಯಿತು, ಎರಡು ತಿಂಗಳಾಯಿತು. ಒಂದು ದಿನ ನನ್ನ ತಾಳ್ಮೆ ತಪ್ಪಿತು.

"ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಮ್ಮಲ್ಲಿ ಒಂದು ಮಾತಿದೆ ಅಂಕಲ್. ಊರವರ ಮಕ್ಕಳ ತಾಯಂದಿರಿಗೆಲ್ಲ ಉತ್ತರ ಬರೆಸಿದ್ರಿ. ಸ್ವಂತ ಮಗಳಿಗೆ ಬರೆಸೋಕೆ ಹೊತ್ತೇ ಸಿಗ್ತಿಲ್ಲವಾ?"

ಅರ್ಥ ಬಿಡಿಸಿ ಹೇಳಿದ ಮೇಲೆ ಅವರ ಮುಖ ಬಾಡಿತು. ನನಗೂ ಅಯ್ಯೋ ಅನಿಸಿತು, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಕಳೆದ ವರ್ಷದ ನವರಾತ್ರಿ ಬಂತು. ನಮ್ಮ ಮನೆಯಲ್ಲಿ ಸರಸ್ವತಿ ಪೂಜೆ, ಆಯುಧಪೂಜೆ ಎರಡನ್ನೂ ಮಹಾನವಮಿಯಂದೇ ಸೇರಿಸಿ ಮಾಡುತ್ತೇವೆ. ಪರದೇಶದಲ್ಲಿ ಅಷ್ಟಾದರೆ ಸಾಕು. ಪುಸ್ತಕ, ಪೆನ್ನು, ಯಜಮಾನರ ಸ್ಕ್ರೂಡ್ರೈವರ್ ಸೆಟ್, ಮಗಳ ಲ್ಯಾಪ್‌ಟಾಪ್ ಎಲ್ಲವನ್ನೂ ಮಣೆಯ ಮೇಲಿಟ್ಟು ಪೂಜೆ ಮಾಡಿದರೆ, ವಿಜಯದಶಮಿಯ ಬೆಳಿಗ್ಗೆ ಮಂಗಳಾರತಿಯಾಗುವವರೆಗೆ ಯಾವುದನ್ನೂ ಮುಟ್ಟುವಂತಿಲ್ಲ. ಓದುವಂತಿಲ್ಲ, ಬರೆಯುವಂತಿಲ್ಲ. ಮೈಸೂರಿನ ನಮ್ಮ ಟೈಪಿಂಗ್ ಮೇಷ್ಟ್ರು ಆ ದಿನ ಹದಿನಾರು ಮೆಷಿನ್ನಿಗೂ ಕುಂಕುಮವಿಟ್ಟು, ಯಾರಾದರೂ ಒಂದು ಕೀಲಿ ಒತ್ತಿದರೆ ಕಿವಿ ಹಿಂಡುತ್ತಿದ್ದರು. ವಿದ್ಯೆಗೂ ಒಂದು ದಿನ ವಿಶ್ರಾಂತಿ ಬೇಕು ಎನ್ನುತ್ತಿದ್ದರು.

ಅಷ್ಟಮಿಯ ಸಂಜೆ ನಾನು ಚೆಂಡುಹೂವು ಕಟ್ಟುತ್ತಾ ಕೂತಿದ್ದಾಗ ಅಂಕಲ್ ಫೋನ್ ಮಾಡಿದರು. ಧ್ವನಿ ಹಗುರವಾಗಿತ್ತು.

"ನಾಳೆ ಬೇಗ ಬನ್ನಿ ಬಾಸ್. ಬಾಗಿಲಿನ ಮಾತು ಸಿಕ್ಕಿತು. ಹೇಗೆ ಹೇಳಬೇಕು ಅಂತ ಸಿಕ್ಕಿತು."

"ನಾಳೆ ಆಗಲ್ಲ ಅಂಕಲ್. ಪೆನ್ನು, ನೋಟ್‌ಬುಕ್ಕು, ನಿಮ್ಮ ಪುಸ್ತಕದ ಕಟ್ಟು, ಎಲ್ಲಾ ನಾಳೆ ಪೂಜೆಗೆ ಇಡ್ತೀನಿ. ನಾಡಿದ್ದು ಬೆಳಿಗ್ಗೆ ಒಂಬತ್ತಕ್ಕೆ ಬರ್ತೀನಿ."

"ಇಡೀ ದಿನ ಬರೆಯೋ ಹಾಗಿಲ್ಲವಾ?"

"ಒಂದೇ ದಿನ ಅಂಕಲ್. ಇಷ್ಟು ತಿಂಗಳು ನೀವು ಕಾಯಿಸಲಿಲ್ವಾ?"

"ಒಂದೇ ದಿನ" ಎಂದರು, ತಮಗೆ ತಾವೇ ಹೇಳಿಕೊಂಡಂತೆ. "ಸರಿ. ಒಂದು ದಿನ ಕಾಯ್ತೀನಿ."

ಬೇರೆ ಪೆನ್ನಿರಲಿಲ್ಲವೇ? ಮಗಳ ಪೆನ್ಸಿಲ್ ಬಾಕ್ಸಿನಲ್ಲಿ ಇಪ್ಪತ್ತಿದ್ದವು. ತಾಯಿ ಸರಸ್ವತಿ ಮುನಿಸಿಕೊಳ್ಳುತ್ತಿದ್ದಳೇ? ಈಗ ಹೀಗೆಲ್ಲ ಕೇಳಿಕೊಳ್ಳುತ್ತೇನೆ. ಆಗ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ, ಶಾಸ್ತ್ರಕ್ಕಿಂತ ಹೆಚ್ಚಾಗಿ, ಇಷ್ಟು ದಿನ ಓಡಿಸಿದ ಮುದುಕರು ಒಂದು ದಿನ ಕಾಯಲಿ ಎಂಬ ಸಣ್ಣ ಛಲವೂ ನನ್ನಲ್ಲಿತ್ತು.

ನವಮಿಯ ದಿನ ತಮಿಳರ ಅಂಗಡಿಯಿಂದ ತಂದ ಬಾಳೆ ಎಲೆ ಹಾಸಿ, ಅವರ ಹಸ್ತಪ್ರತಿಯ ಕಟ್ಟನ್ನಿಟ್ಟೆ. ಅದರ ಮೇಲೆ ಕೊನೆಯ ಅಧ್ಯಾಯಕ್ಕೆಂದು ತೆಗೆದಿಟ್ಟ ಖಾಲಿ ಹಾಳೆಗಳು, ನೋಟ್‌ಬುಕ್, ಪೆನ್ನು. ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿದೆ. ಮಧ್ಯಾಹ್ನ ಪಾಯಸ, ಕೋಸಂಬರಿ, ಚಿತ್ರಾನ್ನ ಡಬ್ಬಿಗೆ ತುಂಬಿ ಒಂಬತ್ತನೇ ಮಹಡಿಗೆ ಹೋದೆ.

ಅಂಕಲ್ ಬಹಳ ಗೆಲುವಾಗಿದ್ದರು. "ದೇವರ ಪಕ್ಕ ನನ್ನ ಪುಸ್ತಕ ಆರಾಮಾಗಿದೆಯಾ?" ಎಂದು ಕೇಳಿದರು. ಪಾಯಸ ಕುಡಿದು ಲೋಟ ಕೆಳಗಿಟ್ಟು, ಕಿಟಕಿಯ ಕಡೆ ಮುಖ ಮಾಡಿ, "ಅವಳು ಬಾಗಿಲಲ್ಲಿ ನಿಂತು…" ಎಂದು ಶುರು ಮಾಡಿದರು. ನಾನು ಕೈ ಎತ್ತಿದೆ. "ನಾಳೆ!" ಎಂದೆ. ಅವರು ನಕ್ಕು ಬಾಯಿ ಮುಚ್ಚಿದರು. ನಾನು ಹೊರಡುವಾಗ ಬಾಗಿಲ ತನಕ ಬಂದು ಮತ್ತೊಮ್ಮೆ ಬಾಯಿ ತೆರೆದರು. ಮತ್ತೆ ತಡೆದೆ. ಅವರದೇ ನಿಯಮವನ್ನು ಅವರಿಗಿಂತ ಚೆನ್ನಾಗಿ ಪಾಲಿಸುತ್ತಿದ್ದೇನೆಂದು ಬೀಗುತ್ತಾ ಲಿಫ್ಟು ಹತ್ತಿದೆ.

ವಿಜಯದಶಮಿಯ ಬೆಳಿಗ್ಗೆ ಒಂಬತ್ತಕ್ಕೆ ಬೆಲ್ ಒತ್ತಿದರೆ ಬಾಗಿಲು ತೆರೆಯಲಿಲ್ಲ. ನನ್ನ ಹತ್ತಿರವಿದ್ದ ಕೀಲಿಯಿಂದ ತೆಗೆದೆ. ಸ್ನಾನ ಮಾಡಿ, ಜುಟ್ಟು ಕಟ್ಟಿ, ಒಗೆದ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ತುಟಿ ಒಂದು ಕಡೆ ವಾಲಿತ್ತು. ನನ್ನ ಸದ್ದು ಕೇಳಿ ಏನೋ ಹೇಳಲು ನೋಡಿದರು, ಮಾತು ಹೊರಡಲಿಲ್ಲ. ಆಂಬುಲೆನ್ಸ್ ಬರುವವರೆಗೆ ಅವರ ಕೈ ಹಿಡಿದು ಕೂತಿದ್ದೆ. ನನ್ನ ಇನ್ನೊಂದು ಕೈಯಲ್ಲಿ ಕುಂಕುಮ ಹತ್ತಿದ ಪೆನ್ನಿತ್ತು.

ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದರು. ದಿನವೂ ನೋಟ್‌ಬುಕ್ ತೆಗೆದುಕೊಂಡು ಹೋದೆ. ಅವರು ಕಷ್ಟಪಟ್ಟು ಕೆಲವು ಸದ್ದು ಮಾಡುತ್ತಿದ್ದರು. ಶಾರ್ಟ್‌ಹ್ಯಾಂಡ್‌ನಲ್ಲಿ ಕಾಗುಣಿತವಿಲ್ಲ, ಕಿವಿಗೆ ಬಿದ್ದ ಸದ್ದನ್ನೇ ಬರೆಯುವುದು. ಹಾಗಾಗಿ ಬರೆದೆ. ಮೂರು ಪುಟ ತುಂಬಿತು. ಬಿಡಿಸಿ ಓದಿದರೆ ಯಾವ ಪದವೂ ಆಗಲಿಲ್ಲ. ಹದಿಮೂರನೆಯ ದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ಹಾಸಿಗೆ ಖಾಲಿಯಾಗಿತ್ತು.

ಅವರ ಮಗಳು ಅಮೆರಿಕದಿಂದ ಬರುತ್ತಾರೆಂದು ತಿಳಿಯಿತು. ನಾನು ಊಟ ಬಿಟ್ಟೆ. ಯಜಮಾನರು ನೋಡುವಷ್ಟು ನೋಡಿ ಒಂದು ಸಂಜೆ ಪಕ್ಕದಲ್ಲಿ ಬಂದು ಕೂತರು.

"ಅಲ್ಲ ಕಣೇ, ಎರಡು ವರ್ಷ ಅವರ ಮಾತು ಬರೆದಿದೀಯ. ಅವರ ಧಾಟಿ ನಿಂಗೆ ಗೊತ್ತು. ಒಂದೆರಡು ಪುಟ ಒಳ್ಳೇ ಮಾತು ಬರೆದು ಕೊಟ್ಬಿಡು. ಆ ಗೆರೆ ಯಾರು ಓದ್ತಾರೆ? ಆ ಹೆಣ್ಣುಮಗಳಿಗೆ ನೆಮ್ಮದಿಯಾದ್ರೂ ಸಿಗುತ್ತೆ."

ತಪ್ಪು ತಿಳಿಯಬೇಡಿ, ಅವರು ಸುಳ್ಳು ಹೇಳುವ ಜಾಯಮಾನದವರಲ್ಲ. ನನ್ನ ಸಂಕಟ ನೋಡಲಾರದೆ ಹೇಳಿದ್ದು. ನಾನೂ ಬರೆದು ನೋಡಿದೆ. ಮಗಳೇ, ನನ್ನನ್ನು ಕ್ಷಮಿಸು ಎಂದು ಅವರ ಧಾಟಿಯಲ್ಲೇ ಅರ್ಧ ಪುಟ ಸರಾಗವಾಗಿ ಬಂತು. ಅಷ್ಟು ಸುಲಭವಾಗಿ ಬಂದದ್ದೇ ನನ್ನನ್ನು ಹೆದರಿಸಿತು. ಹರಿದು ಹಾಕಿದೆ.

ಒಂಬತ್ತನೇ ಮಹಡಿಯಲ್ಲಿ ಭೇಟಿಯಾದ ಅವರ ಮಗಳಿಗೆ ಅರವತ್ತರ ಹತ್ತಿರ. ನರೆತ ಗಿಡ್ಡ ಕೂದಲು, ತಂದೆಯದೇ ಎತ್ತರ. ಅಂಕಲ್ ಕೂರುತ್ತಿದ್ದ ಕುರ್ಚಿಯನ್ನು ಬಿಟ್ಟು ಎದುರಿನ ನನ್ನ ಕುರ್ಚಿಯಲ್ಲಿ ಕೂತರು. ನಾನು ಕಟ್ಟನ್ನು ಕೊಟ್ಟೆ. ಮೇಲಿನ ಹಾಳೆಗಳು ಖಾಲಿ ಇರುವುದನ್ನೂ, ಮೂಲೆಯಲ್ಲಿ ಹಳದಿ ಕೆಂಪು ಬೊಟ್ಟು ಇರುವುದನ್ನೂ ನೋಡಿ ಇದೇನೆಂದು ಕೇಳಿದರು. ಆಮೇಲೆ ನೋಟ್‌ಬುಕ್ಕಿನ ಕೊನೆಯ ಮೂರು ಪುಟ ತೆರೆದು, "ಇಲ್ಲಿ ಏನು ಬರೆದಿದೆ?" ಎಂದರು.

ನಾನು ಏನು ಹೇಳಿದ್ದರೂ ಆಕೆ ನಂಬಬೇಕಿತ್ತು. "ಬರೀ ಸದ್ದು. ಅರ್ಥವಿಲ್ಲ" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಅಷ್ಟಮಿಯ ಸಂಜೆಯ ಫೋನು, ಪೂಜೆಗಿಟ್ಟ ಪೆನ್ನು, ಪಾಯಸದ ಹೊತ್ತಿನಲ್ಲಿ ಎರಡು ಸಲ ನಾನು ಕೈ ಎತ್ತಿ ತಡೆದದ್ದು, ನನ್ನ ಛಲ. "ನಿಮ್ಮ ಅಧ್ಯಾಯ ಇಲ್ಲದ ಹಾಗೆ ಮಾಡಿದ್ದು ನಾನೇ" ಎಂದು ಹೇಳುವಾಗ ಅಳು ಬಂತು.

ಆಕೆ ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ನೀವು ಒಂದು ದಿನ ಕಾಯಿ ಅಂದ್ರಿ. ಅವನು ಏನಂದ?" ಎಂದು ಕೇಳಿದರು.

"ಒಂದು ದಿನ ಕಾಯ್ತೀನಿ ಅಂದ್ರು."

"ಅದೇ ಮಾತಾ? ಸರಿಯಾಗಿ ನೆನಪು ಮಾಡ್ಕೊಳ್ಳಿ."

"ಅದೇ ಮಾತು. ಮೊದಲು ‘ಒಂದೇ ದಿನ’ ಅಂದ್ರು. ಆಮೇಲೆ ‘ಸರಿ, ಒಂದು ದಿನ ಕಾಯ್ತೀನಿ’ ಅಂದ್ರು."

ಆಕೆ ಎದ್ದು ಬಾಗಿಲ ಕಡೆ ನೋಡುತ್ತಾ ನಿಂತರು. "ಅವನು ನಮ್ಮನ್ನ ಬಿಟ್ಟು ಹೊರಟ ಮಾರನೇ ದಿನ ನನ್ನ ಹುಟ್ಟುಹಬ್ಬ. ಎಂಟು ತುಂಬೋದಿತ್ತು. ಬಾಗಿಲಲ್ಲಿ ನಿಂತು ಕೇಳಿದೆ, ಒಂದೇ ದಿನ ಇರು ಅಂತ. ಯಾರೂ ಯಾರಿಗಾಗಿಯೂ ಕಾಯಬಾರದು ಅಂದ. ಪುಸ್ತಕದಲ್ಲಿ ಇತ್ತಲ್ಲ, ಅದನ್ನೇ ಅಂದ." ನನ್ನ ಕಡೆ ತಿರುಗಿ ಹೇಳಿದರು, "ಆ ದಿನ ನಂದು. ನಿಮಗೆ ಕೊಟ್ಟ."

ಅದರಲ್ಲಿ ಸಿಟ್ಟೆಷ್ಟು, ಸಮಾಧಾನವೆಷ್ಟು ಎಂದು ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ಆಕೆ ಖಾಲಿ ಹಾಳೆಗಳನ್ನು ಕಟ್ಟಿನ ಮೇಲಿನಿಂದ ತೆಗೆದು, ಕಡೆಯ ಪುಟದ ಕೆಳಗೆ, ಅಧ್ಯಾಯ ಬರಬೇಕಿದ್ದ ಜಾಗದಲ್ಲಿಟ್ಟು, ದಾರ ಸುತ್ತಿ ತೆಗೆದುಕೊಂಡು ಹೋದರು. ತಾಯಂದಿರ ಕಾಗದದ ಪೆಟ್ಟಿಗೆಯನ್ನೂ ಒಯ್ದರು.

ಈ ವರ್ಷವೂ ಮಹಾನವಮಿ ಬಂತು. ಬಾಳೆ ಎಲೆ ಹಾಸಿ ಪುಸ್ತಕ, ಲ್ಯಾಪ್‌ಟಾಪ್, ಸ್ಕ್ರೂಡ್ರೈವರ್ ಎಲ್ಲವನ್ನೂ ಇಟ್ಟು ಅರಿಶಿನ ಕುಂಕುಮ ಹಚ್ಚಿದೆ. ಮಗಳು ಎಣಿಸಿ ನೋಡಿ, "ಅಮ್ಮಾ, ಯುವರ್ ಪೆನ್?" ಎಂದಳು. ಯಜಮಾನರು ಸುಮ್ಮನಿರು ಎಂದು ಅವಳಿಗೆ ಕಣ್ಣಲ್ಲೇ ಹೇಳಿದರು. ಪೆನ್ನು ಹೊರಗೆ, ಫೋನಿನ ಪಕ್ಕದಲ್ಲಿ, ಮುಚ್ಚಳ ತೆಗೆದು ಇಟ್ಟಿದ್ದೆ.